ಕೇಳಿದವರ ಹೆಸರು

ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಜಪ ಕಡಿಮೆ, ಕೆಲಸ ಹೆಚ್ಚು.

ಕೆಲಸವೆಂದರೆ ನೀರೋಲೆ. ಅದೊಂದು ಆ್ಯಪ್. ದಂಡೆಯ ಹಳ್ಳಿಗಳ ಜನ ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಅದನ್ನು ತೆರೆದರೆ ನದಿಯಲ್ಲಿ ನೀರೆಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತಿತ್ತು. ದನ ಎಲ್ಲಿ ಕಟ್ಟಬೇಕು, ಪಂಪ್‌ಸೆಟ್ಟನ್ನು ಯಾವಾಗ ಮೇಲಕ್ಕೆ ಎಳೆದುಕೊಳ್ಳಬೇಕು ಎಂದು ಅವರು ಅದನ್ನು ನೋಡಿಯೇ ತೀರ್ಮಾನಿಸುತ್ತಿದ್ದರು.

ನೀರೋಲೆಗೆ ಬೆಲೆ ಇರಲಿಲ್ಲ. ಬೀಗವೂ ಇರಲಿಲ್ಲ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ಒಯ್ಯಬಹುದು, ತಿದ್ದಿ ಕಳಿಸಬಹುದು. ಬೇರೆ ಬೇರೆ ಊರಿನಲ್ಲಿದ್ದ, ಒಬ್ಬರ ಮುಖ ಒಬ್ಬರು ನೋಡದ ಜನ ಸೇರಿ ಅದನ್ನು ಕಟ್ಟುತ್ತಿದ್ದರು. ಮೊದಲ ಸಾಲು ಬರೆದವರು ಗುರುಗಳು. ಈಗ ಅವರು ಬರೆಯುವುದನ್ನು ಬಿಟ್ಟಿದ್ದರು.

ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು.

ಹೊಸದಾಗಿ ಸೇರುವ ಪ್ರತಿ ಸಾಲನ್ನೂ ಸಂಜೆ ನದಿಯ ಮೆಟ್ಟಿಲ ಮೇಲೆ ನಿಂತು, ಕೋಡ್ ಬರೆಯಲು ಬಾರದ ಒಬ್ಬರಿಗೆ ಗಟ್ಟಿಯಾಗಿ ಓದಿ ತಿಳಿಸಬೇಕು. ದೂರದವರು ಕಳಿಸಿದ್ದನ್ನು ಆಶ್ರಮದವರು ಓದುತ್ತಿದ್ದರು. ಕೇಳುವವರು 'ಇದು ಯಾಕೆ?' ಎಂದು ಕೇಳುತ್ತಾರೆ. ಉತ್ತರ ಅವರಿಗೆ ಒಪ್ಪಿಗೆಯಾದರೆ ಸಾಲು ಸೇರುತ್ತದೆ. ದಾಖಲೆಯಲ್ಲಿ ಎರಡು ಹೆಸರು ಉಳಿಯುತ್ತವೆ: ಬರೆದವರು, ಕೇಳಿದವರು.

ಕೇಳುವವರು ದನ ಮೇಯಿಸಲು ಬಂದವರು, ಬಟ್ಟೆ ಒಗೆಯಲು ಬಂದವರು. ಅಡುಗೆಯ ಶಂಕ್ರವ್ವನ ಹೆಸರು ಎಲ್ಲರಿಗಿಂತ ಹೆಚ್ಚು ಸಲ ಇತ್ತು. ಆಕೆ ಸುಲಭಕ್ಕೆ ಒಪ್ಪುವ ಹೆಂಗಸಲ್ಲ.

ಒಮ್ಮೆ ಮಲ್ಹಾರಿ ಎಂಬವನು ಆಕೆಗೆ ಓದಿದ: "ಒಂದು ದಿನದ ಅಂಕೆ ಬರದಿದ್ದರೆ ಹಿಂದಿನ ದಿನದ ಅಂಕೆಯನ್ನೇ ತೋರಿಸಬೇಕು."

"ಇದು ಯಾಕ?"

"ಜಾಗ ಖಾಲಿ ಬಿಟ್ಟರೆ ಜನಕ್ಕೆ ಬೇಸರವಾಗುತ್ತದೆ."

"ನಿನ್ನಿ ಅನ್ನ ಇವತ್ತಿಂದು ಅಂತ ಬಡಿಸಿದ್ರ ಉಣ್ತೀಯೇನಪಾ?"

ಆ ಸಾಲು ಸೇರಲಿಲ್ಲ. ಅಂಕೆ ಬರದ ದಿನ ನೀರೋಲೆಯಲ್ಲಿ 'ಮಾಹಿತಿ ಇಲ್ಲ' ಎಂದೇ ಬರುತ್ತಿತ್ತು.

ಕಟ್ಟಳೆಯಿಂದ ಬಿಟ್ಟದ್ದು ಒಂದನ್ನೇ. ನಗೆಯನ್ನು.

ನೀರಿನ ಅಂಕೆಯ ಮೇಲೆ ದಿನಕ್ಕೊಂದು ನಗೆಮಾತು ಬರುತ್ತಿತ್ತು. ಅವನ್ನು ಹಾಕಿಡುವ ಜಾಗಕ್ಕೆ ಬುಟ್ಟಿ ಎನ್ನುತ್ತಿದ್ದರು. ಯಾರು ಬೇಕಾದರೂ ಬುಟ್ಟಿಗೆ ಹಾಕಬಹುದು. ಓದಿ ತಿಳಿಸಬೇಕಿಲ್ಲ, ಹೆಸರು ಹಾಕಬೇಕಿಲ್ಲ. ಯಾವ ಬೆಳಿಗ್ಗೆ ಯಾವುದು ಮೇಲೆ ಬರುತ್ತದೆಂದು ಯಾರಿಗೂ ತಿಳಿಯದು.

"ನಗುವನ್ನು ತೂಗುತ್ತ ಕೂತರೆ ನಗು ಬರುವುದಿಲ್ಲ" ಎಂದಿದ್ದರು ಗುರುಗಳು.

ಮಲ್ಹಾರಿ ಆಶ್ರಮದಲ್ಲಿ ಬಹಳ ಕಾಲದಿಂದ ಇದ್ದ. ನೀರೋಲೆಯ ಅರ್ಧದಷ್ಟನ್ನು ಬರೆದವನು ಅವನು. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಬಂದವರು ಅವನನ್ನು ತೋರಿಸಿ ಗುರುಗಳನ್ನು ಕೇಳುತ್ತಿದ್ದರು: "ಇವರು ನಿಮಗೆ ಏನಾಗಬೇಕು?"

"ಇಲ್ಲಿ ಊಟ ಮಾಡುತ್ತಾನೆ" ಎನ್ನುತ್ತಿದ್ದರು ಗುರುಗಳು.

"ಮತ್ತ ಮತ್ತ ಹಾಕಿಸ್ಕೊಂಡು ಮಾಡ್ತಾನ" ಎಂದು ಶಂಕ್ರವ್ವ ಒಳಗಿನಿಂದ ಸೇರಿಸುತ್ತಿದ್ದಳು.

ಬಂದವರು ನಗುತ್ತಿದ್ದರು. ಮಲ್ಹಾರಿಯೂ ನಗುತ್ತಿದ್ದ. ಆದರೆ ಅವನು ಆಶ್ರಮದಲ್ಲಿ ಉಳಿದದ್ದೇ ಒಂದು ಮಾತಿಗಾಗಿ. ಯಾರ ಎದುರಿಗಾದರೂ ಸರಿ, ಒಮ್ಮೆ ಗುರುಗಳು 'ನನ್ನ ಶಿಷ್ಯ' ಅನ್ನಬೇಕು.

ಒಂದು ಮಳೆಗಾಲದ ಬೆಳಿಗ್ಗೆ ಬುಟ್ಟಿಯಿಂದ ಈ ಮಾತು ಮೇಲೆ ಬಂತು:

'ತೊದಲುವವನು ನೆರೆ ಬಂತು ಅನ್ನುವಷ್ಟರಲ್ಲಿ ನೆರೆ ಇಳಿದೇ ಹೋಗಿರುತ್ತದೆ.'

ಅದರ ಕೆಳಗೆ ಆ ದಿನದ ನೀರಿನ ಅಂಕೆ ಇತ್ತು. ಅಂಕೆ ಕಳಿಸಿದವನು ದುರುಗಪ್ಪ. ಮೇಲಿನ ಊರಿನಲ್ಲಿ, ನದಿಯಲ್ಲಿ ನೆಟ್ಟ ಅಳತೆಯ ಕಲ್ಲುಕಂಬವನ್ನು ದಿನಾ ನೋಡಿ ಬರೆದು ಕಳಿಸುವವನು.

ದುರುಗಪ್ಪನಿಗೆ ತೊದಲು ಇತ್ತು.

ಮರುದಿನ ಅವನ ಅಂಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನೀರೋಲೆ ತೆರೆದವರಿಗೆ ಕಂಡದ್ದು 'ಮಾಹಿತಿ ಇಲ್ಲ'.

ಆ ನಗೆಮಾತನ್ನು ಬುಟ್ಟಿಗೆ ಹಾಕಿದವನು ಮಲ್ಹಾರಿ. ವರ್ಷಗಳ ಹಿಂದೆ, ಹೊಸದಾಗಿ ಬಂದಾಗ. ನೀರೋಲೆಯಲ್ಲಿ ಸೇರಿದ ಅವನ ಮೊದಲ ಸಾಲು ಅದೇ. ಹೆಸರಿಲ್ಲದ ಬುಟ್ಟಿ. ಯಾರಿಗೂ ಗೊತ್ತಿರಲಿಲ್ಲ.

ನೀರೋಲೆಯ ಬಳಗದವರು ಮಾತಾಡಿಕೊಳ್ಳುವ ಪುಟವೊಂದಿತ್ತು. ಅಲ್ಲಿ ತಾರಿಣಿ ಎಂಬಾಕೆ ಬರೆದಳು. ದೂರದ ಊರಿನವಳು, ಆಶ್ರಮವನ್ನು ಕಂಡವಳಲ್ಲ. ಆದರೆ ನೀರೋಲೆಯ ನಕ್ಷೆಯೆಲ್ಲ ಆಕೆಯ ಕೆಲಸ.

'ಈ ಮಾತನ್ನು ತೆಗೆಯಬೇಕು. ನನ್ನ ತಮ್ಮ ತೊದಲುತ್ತಾನೆ. ಇದನ್ನು ನಾನೂ ಸೇರಿ ಕಟ್ಟಿದ್ದು ಎಂದು ಅವನಿಗೆ ಹೇಗೆ ತೋರಿಸಲಿ?'

ಮಲ್ಹಾರಿ ಉತ್ತರ ಬರೆದ.

'ನೀರೋಲೆ ಮುಕ್ತವಾದದ್ದು. ಇವತ್ತು ನಗೆ ತೆಗೆಯಿರಿ ಅನ್ನುತ್ತಾರೆ, ನಾಳೆ ಅಂಕೆ ತೆಗೆಯಿರಿ ಅನ್ನುತ್ತಾರೆ. ಬೇಡವಾದವರು ಕೋಡ್ ಒಯ್ದು ತಮ್ಮದೇ ಕಟ್ಟಿಕೊಳ್ಳಲಿ.'

ಅಲ್ಲಿಂದ ಜಗಳ ಹತ್ತಿತು. ಒಬ್ಬ ಬುಟ್ಟಿಯನ್ನೇ ಸುಡಿ ಎಂದ. ಇನ್ನೊಬ್ಬ ನಗಲಾರದವರು ನದಿಗೆ ಬೀಳಲಿ ಎಂದ. ಕೆಲವರು ಕೋಡ್ ಒಯ್ದು ಬೇರೆಯಾಗುತ್ತೇವೆಂದು ಹೆದರಿಸಿದರು. ಮಲ್ಹಾರಿ ದಿನಾ ಉದ್ದುದ್ದ ಬರೆದ. ಬರೆದದ್ದನ್ನು ಅಡುಗೆಮನೆಯಲ್ಲಿ ಓದಿಯೂ ಹೇಳಿದ.

ನೀರಿನ ಬಗ್ಗೆ ಯಾರೂ ಬರೆಯಲಿಲ್ಲ.

ಕೆಳಗಿನ ಹಳ್ಳಿಯಿಂದ ಯಾರೋ ಫೋನ್ ಮಾಡಿದರು. "ನಿಮ್ಮ ಜಗಳ ನಮಗ ಬ್ಯಾಡ್ರಿ. ನೀರು ಎಷ್ಟೈತಿ ಹೇಳ್ರಿ."

ಹೇಳಲು ಮಲ್ಹಾರಿಯ ಬಳಿ ಅಂಕೆ ಇರಲಿಲ್ಲ.

ಅವನು ನದಿಗೆ ಇಳಿದು ಹೋದ. ಗುರುಗಳು ಮೆಟ್ಟಿಲ ಮೇಲೆ ಪಂಚೆ ಒಗೆಯುತ್ತಿದ್ದರು.

"ಗುರುಗಳೇ, ತೀರ್ಪು ಕೊಡಿ. ಆ ಸಾಲು ಇರಬೇಕೋ, ಹೋಗಬೇಕೋ?"

"ಕೇಳಿದವರು ಯಾರು?"

"ನಗೆಗೆ ಕೇಳುವವರಿಲ್ಲವಲ್ಲ. ನಿಮ್ಮದೇ ಕಟ್ಟಳೆ."

"ಹೌದು. ನನ್ನದೇ." ಗುರುಗಳು ಪಂಚೆಯನ್ನು ನೀರಿನಿಂದ ಎತ್ತಿದರು. "ಆ ತುದಿ ಹಿಡಿ."

ಇಬ್ಬರೂ ಸೇರಿ ಹಿಂಡಿದರು.

"ತೀರ್ಪು?" ಎಂದ ಮಲ್ಹಾರಿ.

"ಊಟದ ಹೊತ್ತಾಯಿತು" ಎಂದರು ಗುರುಗಳು.

ಊಟಕ್ಕೆ ಕೂತರು. ಮಲ್ಹಾರಿಯ ಹಲ್ಲಿಗೆ ಕಲ್ಲು ಸಿಕ್ಕಿತು. ಕಟಕ್ಕೆಂದದ್ದು ಪಕ್ಕದಲ್ಲಿದ್ದ ಗುರುಗಳಿಗೂ ಕೇಳಿಸಿತು.

"ಶಂಕ್ರವ್ವ, ಅನ್ನದಲ್ಲಿ ಕಲ್ಲು!"

"ಪುಕ್ಕಟೆ ಅನ್ನ" ಎಂದರು ಗುರುಗಳು. "ಬೇಡವಾದರೆ ಅಕ್ಕಿ ಒಯ್ದು ನಿನ್ನದೇ ಒಲೆ ಹೂಡು."

ಮಲ್ಹಾರಿ ತುತ್ತು ಹಿಡಿದು ಹಾಗೇ ಕೂತ.

ಶಂಕ್ರವ್ವನಿಗೆ ಅವನು ಬರೆದದ್ದೆಲ್ಲ ಬಾಯಿಪಾಠವಾಗಿತ್ತು. "ಇವತ್ತು ಕಲ್ಲು ತೆಗಿ ಅಂತಾನ್ರಿ. ನಾಳೆ ಅನ್ನ ತೆಗಿ ಅಂತಾನ."

"ಕಲ್ಲು ಅನ್ನವಲ್ಲ" ಎಂದ ಮಲ್ಹಾರಿ. ಅಂದ ಮೇಲೆ ಅವನಿಗೇ ಕಿವಿ ಬಿಸಿಯಾಯಿತು. ಆದರೂ ಬಿಡಲಿಲ್ಲ. "ಹಾಗಾದರೆ ಬುಟ್ಟಿ ಸುಡಿ ಅನ್ನುವವರೇ ಸರಿಯೇ?"

ಗುರುಗಳು ಅಡುಗೆಮನೆಯ ಕಡೆ ತಿರುಗಿದರು.

"ಶಂಕ್ರವ್ವ, ಇವನಿಗೆ ಒಂದು ಕಲ್ಲು ಸಿಕ್ಕಿದೆ. ಪಾತ್ರೆಯ ಅನ್ನವನ್ನೆಲ್ಲ ನದಿಗೆ ಸುರಿ."

"ಸುರೀತೀನಿ ತಗೋರಿ. ರಾತ್ರಿ ಅಡಿಗಿ ಇವನ ಮಾಡ್ಲಿ."

ಮಲ್ಹಾರಿ ಕಲ್ಲನ್ನು ಬಾಯಿಂದ ತೆಗೆದು ಎಲೆಯ ಪಕ್ಕದಲ್ಲಿಟ್ಟ. ಮುಂದಿನ ತುತ್ತು ಕಲೆಸಿದ.

ಅವನಿಗೆ ಅರ್ಧ ಅರ್ಥವಾಗಿತ್ತು.

ನೀರೋಲೆಯ ಮೂಲ ಪ್ರತಿಗೆ ಕೈ ಹಾಕುವ ಪಾಸ್‌ವರ್ಡ್ ಇದ್ದದ್ದು ಮೂವರ ಬಳಿ: ಗುರುಗಳು, ಮಲ್ಹಾರಿ, ತಾರಿಣಿ. ಅದಿದ್ದರೆ ಒಂದು ಸಾಲನ್ನು ಯಾರು ತೆಗೆದರೆಂಬ ಗುರುತೂ ಉಳಿಯದಂತೆ ತೆಗೆಯಬಹುದು. ಅದುವರೆಗೆ ಯಾರೂ ಹಾಗೆ ಮಾಡಿರಲಿಲ್ಲ.

ಮಧ್ಯಾಹ್ನ ಮಲ್ಹಾರಿ ಹಾಗೆ ಮಾಡಿದ.

ಮಾಡಿ ಬಂದು ಗುರುಗಳಿಗೆ ಹೇಳಿದ: "ಕಲ್ಲು ಹೋಯಿತು, ಗುರುಗಳೇ."

"ಯಾರ ಕೈಯಿಂದ?"

"ಯಾರ ಕೈಯಾದರೇನು? ಹೋಯಿತಲ್ಲ. ಇನ್ನು ಜಗಳವೂ ನಿಲ್ಲುತ್ತದೆ."

ಗುರುಗಳು ಒಣಗಿದ ಪಂಚೆ ಮಡಿಸತೊಡಗಿದರು.

ಜಗಳ ನಿಲ್ಲಲಿಲ್ಲ. ಸಾಲು ಮಾಯವಾದದ್ದನ್ನು ಮರುದಿನವೇ ಯಾರೋ ಕಂಡರು. ತೆಗೆದವರು ಯಾರು? ಪಾಸ್‌ವರ್ಡ್ ಇದ್ದವರು ಮೂವರು. ಗುರುಗಳು ಮುಟ್ಟುವವರಲ್ಲ. ಮಲ್ಹಾರಿ ಅದನ್ನು ಉಳಿಸಲು ಅಷ್ಟೊಂದು ಬರೆದವನು. ಉಳಿದವಳು ತಾರಿಣಿ.

ಬಳಗದ ಪುಟದಲ್ಲಿ ಆಕೆಯನ್ನು ಕಳ್ಳಿ ಎಂದರು. ಪಾಸ್‌ವರ್ಡ್ ಕಿತ್ತುಕೊಳ್ಳಿ ಎಂದರು. ಆಕೆಯ ಪರವಾಗಿ ವಾದಿಸಿದ್ದವರೂ ದೂರ ಸರಿದರು.

ತಾರಿಣಿ ಒಂದೇ ಸಲ ಉತ್ತರ ಕೊಟ್ಟಳು. 'ನಾನು ತೆಗೆದಿಲ್ಲ. ತೆಗೆಯುವುದಾಗಿದ್ದರೆ ಹೆಸರು ಹಾಕಿ ತೆಗೆಯುತ್ತಿದ್ದೆ.'

ಯಾರೂ ನಂಬಲಿಲ್ಲ.

ಮಲ್ಹಾರಿ ಅದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿದ. ಎದ್ದು ಹೋಗಿ ಗುರುಗಳ ಹತ್ತಿರ ನಿಂತ.

"ತಾರಿಣಿಯನ್ನು ಹೊರಗೆ ಹಾಕಬೇಕು ಅನ್ನುತ್ತಿದ್ದಾರೆ."

"ನೀನು ಏನು ಬರೆದೆ?"

"ಏನೂ ಬರೆದಿಲ್ಲ."

"ದಿನಾ ಬರೆಯುತ್ತಿದ್ದೆಯಲ್ಲ."

ಮಲ್ಹಾರಿ ಹೊರಡಲು ತಿರುಗಿದ.

"ದುರುಗಪ್ಪನ ಅಂಕೆ ಬಂತೇ?"

"ಇಲ್ಲ."

"ಹೋಗಿ ಕೇಳಿಕೊಂಡು ಬಾ."

"ಫೋನ್ ಮಾಡಲೇ?"

"ಬಸ್ಸಿದೆ" ಎಂದರು ಗುರುಗಳು.

ಮೇಲಿನ ಊರಿನಲ್ಲಿ ಬಸ್ಸಿಳಿದು ಮಲ್ಹಾರಿ ನದಿಯ ದಾರಿ ಕೇಳಿಕೊಂಡು ಹೋದ. ಕೆಂಪು ನೀರು. ಅದರ ಅಂಚಿನಲ್ಲಿ ಅಡಿಗಳ ಗುರುತು ಬಳಿದ ಕಲ್ಲುಕಂಬ. ಕಂಬದ ಹತ್ತಿರ, ಮೊಣಕಾಲವರೆಗಿನ ನೀರಿನಲ್ಲಿ, ಲುಂಗಿ ಎತ್ತಿ ಕಟ್ಟಿದ ಒಬ್ಬ ಮನುಷ್ಯ.

ಇಷ್ಟು ವರ್ಷ ಅವನ ಅಂಕೆಗಳನ್ನು ನೋಡಿದ್ದ ಮಲ್ಹಾರಿ ಅವನನ್ನು ನೋಡಿದ್ದು ಅದೇ ಮೊದಲು.

ದುರುಗಪ್ಪನ ಮಾತು ತಡೆದು ತಡೆದು ಬರುತ್ತಿತ್ತು. ಅದನ್ನು ಇಲ್ಲಿ ಹಾಗೆಯೇ ಬರೆದು ತೋರಿಸಬೇಕಾಗಿಲ್ಲ. ಒಂದೊಂದು ಮಾತಿಗೂ ಮಲ್ಹಾರಿ ಕಾಯಬೇಕಾಯಿತು ಎಂದರೆ ಸಾಕು.

"ನಾನು ನೀರೋಲೆಯಿಂದ ಬಂದವನು. ಮಲ್ಹಾರಿ ಅಂತ."

"ಗೊತ್ತಾತು. ದನಿ ಗುರುತೈತಿ."

"ನಿಮ್ಮ ಅಂಕೆ ಬರುತ್ತಿಲ್ಲ."

"ಬರಂಗಿಲ್ಲ."

"ನೀರು ನೋಡುವುದನ್ನು ಬಿಟ್ಟುಬಿಟ್ಟಿರಾ?"

ದುರುಗಪ್ಪ ತಾನು ನಿಂತಿದ್ದ ನೀರನ್ನು ನೋಡಿದ, ಮಲ್ಹಾರಿಯನ್ನು ನೋಡಿದ.

"ನೋಡೂದು ಬಿಟ್ಟಿಲ್ರಿ. ನಿಮಗ ಕಳಿಸೂದು ಬಿಟ್ಟೀನಿ. ನೀರು ಏರಿದ್ರ ಕೆಳಗಿನ ಹಳ್ಳಿಗೆ ನಡಕೊಂಡು ಹೋಗಿ ಹೇಳ್ತೀನಿ."

"ಅಷ್ಟು ದೂರ?"

"ಇಲ್ಲೀತನಕ ನೆರೆಗಿಂತ ಮೊದಲ ಮುಟ್ಟೀನಿ."

ಮಲ್ಹಾರಿ ಕೆಳಗಿನ ಹಳ್ಳಿಯ ದಾರಿಯತ್ತ ನೋಡಿದ. ಆಮೇಲೆ ಹೇಳಿದ: "ಅದೊಂದು ನಗೆಮಾತು ಅಷ್ಟೇ."

"ತೊದಲೋರ ಮ್ಯಾಲಿನ ನಗಿಮಾತು ನನ್ನ ಹತ್ರ ಭಾಳ ಅದಾವ್ರಿ. ನೀವು ಬರ್ದಿದ್ದಕ್ಕಿಂತ ಚೊಲೋ ಅದಾವ." ದುರುಗಪ್ಪ ನೀರಿನಿಂದ ದಂಡೆಗೆ ಬಂದು ಲುಂಗಿ ಬಿಟ್ಟ. "ಆದ್ರ ನಾ ನೀರಾಗ ನಿಂತು ನೋಡಿ ಅಂಕಿ ಕಳಿಸೀನಿ. ಅದರ ತಲಿ ಮ್ಯಾಲ ಅದನ್ನ ಕುಂಡ್ರಿಸಿದ್ರಿ."

"ನಾನು ಬರೆದದ್ದು ಎಂದು ಯಾರು ಹೇಳಿದರು?"

"ಯಾರೂ ಹೇಳಿಲ್ಲ. ಆಗ ಅಂಕಿ ಫೋನಿನಾಗ ಹೇಳ್ತಿದ್ದೆ, ನೆನಪೈತೇನು? ಆ ವರ್ಷ ನೆರೆ ಬಂತು ಅಂತ ಹೇಳಾಕ ನನಗ ಎಷ್ಟೊತ್ತು ಹಿಡೀತು. ಆ ಕಡೆ ಇದ್ದವ್ರು ನೀವೊಬ್ರ."

ಮಲ್ಹಾರಿಗೆ ನೆನಪಿತ್ತು. ಅದು ಆಶ್ರಮದಲ್ಲಿ ಅವನ ಮೊದಲ ಮಳೆಗಾಲ. ಫೋನ್ ಇಟ್ಟವನು ಅಂಕೆ ಬರೆದುಕೊಂಡಿದ್ದ. ಆಮೇಲೆ ಆ ಮಾತನ್ನೂ ಬರೆದಿದ್ದ.

"ಗೊತ್ತಿದ್ದೂ ಯಾರಿಗೂ ಹೇಳಲಿಲ್ಲವೇ?"

"ನೀವು ಹೇಳ್ತೀರಿ ಅಂತ ಸುಮ್ಮನಿದ್ದೆ" ಎಂದ ದುರುಗಪ್ಪ.

ಮಲ್ಹಾರಿ ಆಶ್ರಮಕ್ಕೆ ಬಂದಾಗ ಗುರುಗಳು ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಎದುರಿಗೆ ಶಂಕ್ರವ್ವ ಇನ್ನೊಂದು ಮೊರ ಹಿಡಿದಿದ್ದಳು.

"ಆ ಸಾಲು ನನ್ನದು" ಎಂದ ಮಲ್ಹಾರಿ.

"ಹ್ಞೂಂ."

"ತೆಗೆದವನೂ ನಾನೇ. ಹೆಸರು ಹಾಕದೆ ತೆಗೆದೆ. ಅದಕ್ಕೇ ತಾರಿಣಿಯ ಮೇಲೆ ಬಂತು."

"ಹ್ಞೂಂ."

"ಎಲ್ಲರಿಗೂ ಬರೆದು ತಿಳಿಸುತ್ತೇನೆ. ಏನಾಯಿತು, ಯಾಕಾಯಿತು, ಎಲ್ಲ."

"ತಾರಿಣಿಯ ತಲೆಯ ಮೇಲೆ ಇರುವುದನ್ನು ಈಗಲೇ ಇಳಿಸು. ಅದು ಒಂದು ಸಾಲಿನ ಕೆಲಸ." ಗುರುಗಳು ಒಂದು ಕಲ್ಲು ಹೆಕ್ಕಿ ಆಚೆ ಇಟ್ಟರು. "ಉಳಿದದ್ದಕ್ಕೆ ಬರೆದರೆ ಸಾಲದು. ಬರೆಯುವುದು ನಿನಗೆ ಬಹಳ ಸುಲಭ. ಇಲ್ಲಿ ಸಾಲು ಸೇರುವುದು ಹೇಗೆ?"

"ಓದಿದರೆ."

"ಹೋಗುವುದು?"

"ಅದಕ್ಕೆ ಕಟ್ಟಳೆ ಇಲ್ಲ."

"ಈಗ ಆಯಿತು. ಮೊದಲು ಅದನ್ನು ಇದ್ದಲ್ಲಿ ಇಡು."

"ಮತ್ತೆ ಇಡಬೇಕೇ!"

"ಇಲ್ಲದ್ದನ್ನು ಹೇಗೆ ತೆಗೆಯುತ್ತೀ? ಈ ಸಲ ಹೆಸರು ಹಾಕಿ ಇಡು. ಹೆಸರು ಹಾಕಿ ತೆಗಿ."

ಮಲ್ಹಾರಿ ಶಂಕ್ರವ್ವನ ಕಡೆ ನೋಡಿದ. "ನೀನು ಕೇಳುತ್ತೀಯಾ, ಅವ್ವ?"

"ನನಗ ಕೇಳೂದು ಏನೂ ಇಲ್ಲಪಾ" ಎಂದಳು ಶಂಕ್ರವ್ವ. "ಕೇಳಾಂವ ಬ್ಯಾರೆ ಅದಾನ."

ಆ ದಿನ ಬಳಗದ ಪುಟದಲ್ಲಿ ಮಲ್ಹಾರಿ ಬರೆದದ್ದು ಇಷ್ಟೇ: 'ಆ ಸಾಲನ್ನು ತೆಗೆದದ್ದು ತಾರಿಣಿಯಲ್ಲ, ನಾನು. ಬರೆದದ್ದೂ ನಾನೇ. ನಾಡಿದ್ದು ಸಂಜೆ ಮೆಟ್ಟಿಲ ಮೇಲೆ ಓದುತ್ತೇನೆ.'

ಅವನು ಅಷ್ಟು ಚಿಕ್ಕದಾಗಿ ಯಾವತ್ತೂ ಬರೆದಿರಲಿಲ್ಲ. ಎರಡೂ ಕಡೆಯವರು ಅವನನ್ನು ಬೈದರು. ಒಂದು ಕಡೆಯವರು ಬರೆದದ್ದಕ್ಕೆ, ಇನ್ನೊಂದು ಕಡೆಯವರು ತೆಗೆದದ್ದಕ್ಕೆ.

ಅವನು ಉತ್ತರ ಕೊಡಲಿಲ್ಲ. ಮತ್ತೆ ಬಸ್ಸು ಹತ್ತಿ ದುರುಗಪ್ಪನನ್ನು ಕರೆಯಲು ಹೋದ.

"ಬರೂದೇನೋ ಬರ್ತೀನಿ" ಎಂದ ದುರುಗಪ್ಪ. "ಒಪ್ತೀನಿ ಅಂತ ಹೇಳಂಗಿಲ್ಲ."

ಹೇಳಿದ್ದ ಸಂಜೆ ಮೆಟ್ಟಿಲ ಮೇಲೆ ಜನ ತುಂಬಿದ್ದರು. ದಿನಾ ಬರುವವರ ಜೊತೆ ಕೆಳಗಿನ ಹಳ್ಳಿಗಳವರೂ ಬಂದಿದ್ದರು. ಮೇಲಿನ ಮೆಟ್ಟಿಲಲ್ಲಿ ಹೆಗಲಿಗೆ ಚೀಲ ಹಾಕಿದ, ಯಾರಿಗೂ ಗುರುತಿಲ್ಲದ ಒಬ್ಬ ಹೆಂಗಸು ನಿಂತಿದ್ದಳು. ದುರುಗಪ್ಪನನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿದ್ದರು. ಅವನು ನದಿಯ ನೀರನ್ನೇ ನೋಡುತ್ತಿದ್ದ. ರೂಢಿ.

ಮಲ್ಹಾರಿ ಲ್ಯಾಪ್‌ಟಾಪ್ ಹಿಡಿದು ನಿಂತ.

"ಸೇರಿಸುತ್ತಿರುವ ಸಾಲು. ಬರೆದವನು ಮಲ್ಹಾರಿ." ಆಮೇಲೆ ಆ ಮಾತನ್ನು ಓದಿದ. ತೊದಲುವವನು, ನೆರೆ, ಇಳಿಯುವುದು, ಎಲ್ಲ. ಒಂದು ಅಕ್ಷರ ಬಿಡಲಿಲ್ಲ.

ಹಿಂದೆ ಯಾರೋ ಫಕ್ಕನೆ ನಕ್ಕು, ಅರ್ಧಕ್ಕೆ ನಿಲ್ಲಿಸಿದರು.

ದುರುಗಪ್ಪ ಕೇಳಬೇಕಿತ್ತು. ಎರಡೇ ಪದ. ಮೊದಲನೆಯದು ಹೊರಡಲು ಬಹಳ ಹೊತ್ತು ಹಿಡಿಯಿತು. ಯಾರೂ ಅವನ ಬದಲು ಹೇಳಿ ಮುಗಿಸಲಿಲ್ಲ. ಮಕ್ಕಳೂ ಸುಮ್ಮನಿದ್ದವು.

"ಇದು ಯಾಕ?"

"ಆಗ ನಾನು ಇಲ್ಲಿಗೆ ಹೊಸಬ" ಎಂದ ಮಲ್ಹಾರಿ. "ಯಾರಿಗೂ ನನ್ನ ಪರಿಚಯವಿರಲಿಲ್ಲ. ನಾಲ್ಕು ಜನರನ್ನು ನಗಿಸಬೇಕಿತ್ತು. ನೀವು ಕಣ್ಣಿಗೆ ಕಾಣುತ್ತಿರಲಿಲ್ಲ, ದನಿ ಮಾತ್ರ. ಅದಕ್ಕೇ ಸುಲಭವಾಯಿತು."

ದುರುಗಪ್ಪ ತಲೆಯಾಡಿಸಿದ. ಮುಂದೆ ಓದು ಎಂಬಂತೆ.

"ತೆಗೆಯುತ್ತಿರುವ ಸಾಲು. ಅದೇ. ತೆಗೆಯುವವನು ಮಲ್ಹಾರಿ. ಹಿಂದೆ ಹೆಸರಿಲ್ಲದೆ ತೆಗೆದವನೂ ಅವನೇ."

"ಇದು ಯಾಕ?"

ಈ ಸಲ ಹೊತ್ತು ಹಿಡಿದದ್ದು ಮಲ್ಹಾರಿಗೆ.

"ತೆಗೆಯಿರಿ ಎಂದು ಬೈದರು ಅಂತಲ್ಲ. ನಿಮ್ಮ ಅಂಕೆ ಬೇಕು ಅಂತಲೂ ಅಲ್ಲ. ಈಗ ನಿಮ್ಮ ಎದುರಿಗೆ ಓದಿದೆ. ನನಗೆ ನಗು ಬರಲಿಲ್ಲ."

ದುರುಗಪ್ಪ ನೀರಿನ ಕಡೆ ನೋಡಿದ. ಹಾಗೆಯೇ ಹೇಳಿದ: "ಒಪ್ಪಿಗಿ. ನಾಳೆ ಮುಂಜಾನೆ ಅಂಕಿ ಬರ್ತೈತಿ."

ಮಲ್ಹಾರಿ ಅಲ್ಲೇ ಕೂತು ದಾಖಲೆಯಲ್ಲಿ ಸೇರಿಸಿದ. ಕೇಳಿದವರು: ದುರುಗಪ್ಪ.

ಗುರುಗಳು ತಾವು ಕೂತಲ್ಲಿಂದಲೇ ಹೇಳಿದರು: "ನಗೆಗೆ ಕಟ್ಟಳೆ ಬೇಡ ಎಂದವನು ನಾನು. ತಪ್ಪಾಯಿತು. ಬುಟ್ಟಿ ಇರುತ್ತದೆ. ಇನ್ನು ಮೇಲೆ ನಗೆಯನ್ನೂ ಇಲ್ಲಿ ನಿಂತು ಓದಬೇಕು. ಹೆಸರು ಹಾಕಬೇಕು."

"ಹಂಗಾರ ನಂದೊಂದು ಹಾಕ್ರಿ" ಎಂದ ದುರುಗಪ್ಪ.

ಎಲ್ಲರೂ ಅವನ ಕಡೆ ತಿರುಗಿದರು. ಅವನು ಎದ್ದು ನಿಂತ. ಹೇಳಿ ಮುಗಿಸಲು ಅವನಿಗೆ ಎಷ್ಟು ಬೇಕೋ ಅಷ್ಟು ಹೊತ್ತು ತೆಗೆದುಕೊಂಡ.

"ಆಶ್ರಮದಾಗ ಮಳಿ ಬಂದೈತೇನು ಅಂತ ಆಶ್ರಮದವ್ರು ನನಗ ಫೋನ್ ಮಾಡಿ ಕೇಳ್ತಾರ. ಅವರ ಮನಿಗೂ ಕಿಟಕಿ ಅದಾವ."

ಕೊನೆಯ ಮಾತು ಬಂದು ಮುಟ್ಟಿದಾಗ ಮೆಟ್ಟಿಲೆಲ್ಲ ನಕ್ಕಿತು. ಗುರುಗಳು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಹೆಚ್ಚು ಫೋನ್ ಮಾಡಿದ್ದ ಮಲ್ಹಾರಿ ನಗುತ್ತಲೇ ಬರೆದ. ಬರೆದವರು: ದುರುಗಪ್ಪ.

"ಕೇಳಿದವರು ನಾ" ಎಂದಳು ಮೇಲಿನಿಂದ ಶಂಕ್ರವ್ವ. "ಇದಕ್ಕ ಯಾಕ ಅಂತ ಕೇಳೂದಿಲ್ಲ. ಖರೇ ಐತಿ."

ನಗು ಇಳಿಯುತ್ತಿದ್ದಂತೆ ಚೀಲದ ಹೆಂಗಸು ಮೆಟ್ಟಿಲಿಳಿದು ಬಂದಳು. ಮಲ್ಹಾರಿಯ ಎದುರಿಗೆ ನಿಂತಳು.

"ನಾನು ತಾರಿಣಿ."

ಮಲ್ಹಾರಿ ಎದ್ದ. ಅವನ ಮುಖದಲ್ಲಿದ್ದ ನಗು ಹೋಯಿತು.

"ನಿಮ್ಮ ಮೇಲೆ ಬಂದದ್ದು ನನ್ನಿಂದ. ಗೊತ್ತಿದ್ದೂ ಬಾಯಿ ಬಿಡಲಿಲ್ಲ."

"ನನ್ನನ್ನು ಕಳ್ಳಿ ಎಂದರಲ್ಲ, ಅದನ್ನು ಓದಿದ್ದಿರಾ?"

"ಓದಿದ್ದೆ."

"ಓದಿ?"

"ಲ್ಯಾಪ್‌ಟಾಪ್ ಮುಚ್ಚಿದೆ."

ತಾರಿಣಿ ಅವನ ಮುಖವನ್ನು ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸಿ ಎಂದು ಅವನೂ ಕೇಳಲಿಲ್ಲ. ತಲೆ ತಗ್ಗಿಸಿ ನಿಂತ.

ಆಕೆ ಗುರುಗಳ ಕಡೆ ತಿರುಗಿದಳು.

"ಅದನ್ನು ಬರೆದವರು ಇವರು. ಕದ್ದು ತೆಗೆದವರು ಇವರು. ಇಷ್ಟು ಜನರ ಎದುರಿಗೆ ನಿಂತು ಓದಿದವರೂ ಇವರೇ." ಆಕೆ ಚೀಲವನ್ನು ಮೆಟ್ಟಿಲ ಮೇಲಿಟ್ಟಳು. "ಇವರು ನಿಮಗೆ ಏನಾಗಬೇಕು?"

ಉತ್ತರ ಏನೆಂದು ಮಲ್ಹಾರಿಗೆ ಗೊತ್ತಿತ್ತು. ಅವನು ಕಾಲ ಬುಡದ ಮೆಟ್ಟಿಲನ್ನು ನೋಡಿದ. ಅದಕ್ಕೆ ತನ್ನದೊಂದು ಸೇರಿಸಲು ಶಂಕ್ರವ್ವ ಮೇಲೆ ಆಗಲೇ ಬಾಯಿ ತೆರೆದಿದ್ದಳು.

ಗುರುಗಳು ಎದ್ದರು. ಒಂದೊಂದೇ ಮೆಟ್ಟಿಲು ಇಳಿದು ಬಂದು ಮಲ್ಹಾರಿಯ ಪಕ್ಕದಲ್ಲಿ ನಿಂತರು.

"ನನ್ನ ಶಿಷ್ಯ" ಎಂದರು.